ಅತ್ತೆ ಮಾವನ ಮಾತ್ರೆ ಖರ್ಚು ಅರ್ಧಕ್ಕಿಂತ ಕೆಳಗಿಳಿಸಿದ್ದು: ನನ್ನ ಅನುಭವ

ಇಬ್ಬರ ಮಾತ್ರೆಗೆ ತಿಂಗಳಿಗೆ ಹೆಚ್ಚು ಕಡಿಮೆ 6,000 ಹೋಗುತ್ತಿತ್ತು. ಈಗ 2,500ರ ಆಚೀಚೆ. ಸರ್ಕಾರದ ಅಗ್ಗದ ಔಷಧಿ ಅಂಗಡಿ ಜನೌಷಧಿಯ ಮಾತ್ರೆ ಅಂದ್ರೆ ಸೀಮೆಸುಣ್ಣ ಅಂತ ನಕ್ಕಿದ್ದ ನಾದಿನಿ ಈಗ ತನ್ನ ಅತ್ತೆಯ ಚೀಟಿ ಫೋಟೋ ತೆಗೆದು ನನಗೇ ಕಳಿಸುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾವ ಸಕಲೇಶಪುರದ ಕಡೆ ಎಸ್ಟೇಟ್ ರೈಟರ್ ಆಗಿದ್ದವರು, ಈಗ ಹಾಸನದಲ್ಲಿ ನಮ್ಮ ಜೊತೆ. ಶುಗರ್, ಬಿಪಿ, ಒಂದು ಸ್ಟೆಂಟ್. ಸ್ಟೆಂಟಿಗೆ ಇನ್ಶೂರೆನ್ಸ್ ದುಡ್ಡು ಬಂತು. ಡಿಸ್ಚಾರ್ಜ್ ಆದ ಮೇಲೆ 60 ದಿನದ ಮಾತ್ರೆ ಬಿಲ್ಲೂ ನಮ್ಮ ಪಾಲಿಸಿಯಲ್ಲಿ ಸಿಗುತ್ತದೆ, ಎಷ್ಟೋ ಜನ ಕೇಳುವುದೇ ಇಲ್ಲ. ನಾನು ಕೇಳಿದೆ. ಬಿಲ್ಲಿನಲ್ಲಿ ಡಾಕ್ಟರ ಹೆಸರಿಲ್ಲ ಅಂತ ವಾಪಸ್ ಕಳಿಸಿದರು. ಅಂಗಡಿಯವರ ಹತ್ತಿರ ಮತ್ತೆ ಬರೆಸಿ ಹಾಕಿದೆ, ಬಂತು. 61ನೇ ದಿನದಿಂದ ಎಲ್ಲಾ ನಮ್ಮ ತಲೆ ಮೇಲೆ. ಆಯುಷ್ಮಾನ್ ಕಾರ್ಡಿನಲ್ಲಿ ಇದು 15 ದಿನವಷ್ಟೇ. ಅಡ್ಮಿಟ್ ಆದರೆ ದುಡ್ಡು, ಮನೇಲಿ ಕೂತು ಜೀವಮಾನವಿಡೀ ನುಂಗುವ ಮಾತ್ರೆಗೆ ಏನೂ ಇಲ್ಲ! ಏಜೆಂಟ್ ಬಂದು ಅಡ್ಮಿಟ್ ಆಗದೆ ಆಗುವ ಖರ್ಚಿಗೂ ದುಡ್ಡು ಕೊಡುವ ಓಪಿಡಿ ರೈಡರ್ ಹಾಕಿಸಿ ಅಂದ. ವರ್ಷಕ್ಕೆ ಜಾಸ್ತಿ ಕಟ್ಟಬೇಕಾದ್ದು ಸುಮಾರು 8,000, ವಾಪಸ್ ಸಿಗೋದು ಹೆಚ್ಚೆಂದರೆ 10,000, ಅದರಲ್ಲೂ ಮಾತ್ರೆಗೆ ಅರ್ಧ. ಚಹಾ ಕೊಟ್ಟು ಕಳಿಸಿದೆ.

ದೊಡ್ಡ ಉಳಿತಾಯ ಆಗಿದ್ದು ಒಂದೇ ಮಾತ್ರೆಯಲ್ಲಿ. ಮಾವನ ಶುಗರಿನ ಎಂಪಾಗ್ಲಿಫ್ಲೋಜಿನ್. ಬ್ರ್ಯಾಂಡಿನದ್ದು ಒಂದಕ್ಕೆ 60ರ ಹತ್ತಿರ ಇತ್ತು, ತಿಂಗಳಿಗೆ 1,700 ಅದಕ್ಕೇ. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗಿಯಿತು, ಹತ್ತಾರು ಕಂಪನಿಗಳು ಅದೇ ಔಷಧಿಯನ್ನು ಒಟ್ಟಿಗೆ ಬಿಟ್ಟವು, ಬೆಲೆ ಹತ್ತರ ಸುತ್ತಮುತ್ತ ಬಂತು. ಆದರೆ ಮೆಡಿಕಲ್ ಅಂಗಡಿಯವರು ತಾವಾಗಿ ಹೇಳಲ್ಲ ಅಲ್ವಾ, ಚೀಟಿಯಲ್ಲಿ ಹಳೇ ಹೆಸರು ಇದ್ದರೆ ಹಳೇದೇ ಕೊಡುತ್ತಾರೆ. ಡಾಕ್ಟರ ಹತ್ತಿರ ಹೋಗಿ ಎಲ್ಲಾ ಸಾಲ್ಟ್ ಹೆಸರಲ್ಲೇ, ಅಂದ್ರೆ ಬ್ರ್ಯಾಂಡ್ ಬಿಟ್ಟು ಒಳಗಿನ ಔಷಧಿಯ ಹೆಸರಲ್ಲೇ ಬರೆದುಕೊಡಿ ಸಾರ್ ಅಂದೆ. ಮೊದಲು ಮುಖ ಗಂಟು ಹಾಕಿದರು. ನಾನು ಬರೆದುಕೊಂಡು ಹೋಗಿದ್ದ ಮಾತ್ರೆಗಳ ಪಟ್ಟಿ ನೋಡಿದ ಮೇಲೆ ಬರೆದರು, ಜೊತೆಗೆ ಯಾರಿಗೂ ಬೇಡದೆ ಸುಮ್ನೆ ನಡೆದುಕೊಂಡು ಬಂದಿದ್ದ ಎರಡು ವಿಟಮಿನ್ ಮಾತ್ರೆ ಹೊಡೆದೇ ಹಾಕಿದರು. ಅದೇ 400 ಉಳಿಯಿತು. ಆ ಪಟ್ಟಿ ಹೇಗೆ ಮಾಡಿದೆ, ಡಾಕ್ಟರನ್ನು ಯಾವ ಹೊತ್ತಲ್ಲಿ ಹಿಡಿಯಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಮಿಕ್ಕಿದ್ದು ಜನೌಷಧಿ. ಬಿಪಿಯ ಟೆಲ್ಮಿಸಾರ್ಟಾನ್ ಹತ್ತು ಮಾತ್ರೆಗೆ 12 ರೂಪಾಯಿ ಆಸುಪಾಸು, ಹೊರಗೆ 70ಕ್ಕೂ ಮೇಲೆ. ಶುಗರಿನ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಕಾಯಿಲೆಗಳ ಎನ್‌ಸಿಡಿ ಕೌಂಟರಿನಲ್ಲಿ ಪುಕ್ಕಟೆ ಸಿಗುತ್ತೆ, ಆದರೆ ಮಾವ ಕ್ಯೂ ನಿಲ್ಲಲ್ಲ ಅಂತ ಹಟ ಹಿಡಿದರು, ಬಿಟ್ಟೆ. ತಲೆನೋವು ಅಂದರೆ ಸ್ಟಾಕ್. 20 ಎಂಜಿ ಇದ್ದರೆ 40 ಇಲ್ಲ, 40 ಬಂದಾಗ ಇನ್ನೊಂದು ಇಲ್ಲ. ಜನೌಷಧಿಯ ಸುಗಮ್ ಆ್ಯಪ್‌ನಲ್ಲಿ ಬೆಲೆ ನೋಡಬಹುದು, ನಮ್ಮೂರ ಅಂಗಡಿಯ ಕಪಾಟಿನಲ್ಲಿ ಇವತ್ತು ಏನಿದೆ ಅಂತ ಅದನ್ನು ನಂಬಿಕೊಂಡು ಹೊರಡಬೇಡಿ. ಆನ್‌ಲೈನ್ ತರಿಸಿ ನೋಡಿದೆ, ಎಕ್ಸ್‌ಪೈರಿ ಹತ್ತಿರ ಇದ್ದದ್ದು ಬಂತು. ಈಗ ಮನೆಯಲ್ಲಿ ಯಾವಾಗಲೂ ಒಂದೂವರೆ ತಿಂಗಳಿನದ್ದು ಇಟ್ಟಿರುತ್ತೇನೆ. ಮಾಲು ಯಾವ ದಿನ ಬರುತ್ತೆ ಅನ್ನೋದು ನನಗೆ ಗೊತ್ತು. ಇಲ್ಲಿ ಬರೆದರೆ ನಮಗೇ ಸಿಗಲ್ಲ.

ಸೀಮೆಸುಣ್ಣದ ಮಾತಿಗೆ ಉತ್ತರ ಕೊಡಬೇಕಿತ್ತಲ್ಲ. ಬದಲಾಯಿಸುವ ಮುಂಚೆ ಮಾವನಿಗೆ ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಶುಗರಿನ ಸರಾಸರಿ ಪರೀಕ್ಷೆ, ಮಾಡಿಸಿದೆ, 7.6 ಏನೋ ಇತ್ತು. ಮೂರು ತಿಂಗಳಾದ ಮೇಲೆ 7.1! ಕುಣಿದಾಡಿಬಿಟ್ಟೆ. ಆಮೇಲೆ ನೋಡಿದರೆ ಮಾವ ಯಾರಿಗೂ ಹೇಳದೆ ಬೆಳಿಗ್ಗೆ ಹಾಗಲಕಾಯಿ ರಸ ಕುಡಿಯುತ್ತಿದ್ದರಂತೆ, ವಾಕಿಂಗ್ ಗೆಳೆಯರು ಹೇಳಿಕೊಟ್ಟದ್ದು. ಲೆಕ್ಕವೆಲ್ಲಾ ಕೆಟ್ಟಿತು. ರಸ ನಿಲ್ಲಿಸಿ ಇನ್ನೊಂದು ಮೂರು ತಿಂಗಳು ಕಾದೆ. 7.5. ಹೊಸ ಮಾತ್ರೆ, ಹಳೇ ಅಂಕಿ. ಆ ರಿಪೋರ್ಟ್ ಮನೆ ಗ್ರೂಪಿಗೆ ಹಾಕಿದೆ, ಯಾರೂ ಮಾತಾಡಲಿಲ್ಲ.

ಅತ್ತೆಯ ಥೈರಾಯ್ಡ್ ಮಾತ್ರೆ ಮಾತ್ರ ಮುಟ್ಟಿಲ್ಲ. ಅದರಲ್ಲಿ ಕಂಪನಿ ಬದಲಾದರೆ ಮತ್ತೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ ನೋಡಬೇಕು, ಅದೂ ಅಲ್ಲದೆ ಅದೇನು ದುಬಾರಿಯಲ್ಲ. ಮಾವನ ರಕ್ತ ತೆಳು ಮಾಡುವ ಮಾತ್ರೆಯೂ ಡಾಕ್ಟರ್ ಹೇಳಿದ ಕಂಪನಿಯದ್ದೇ. ಅರ್ಧ ಕತ್ತರಿಸಿ ದುಡ್ಡು ಉಳಿಸೋ ಐಡಿಯಾ ಮೈದುನನದ್ದು. ಎಸ್‌ಆರ್, ಎಕ್ಸ್‌ಎಲ್ ಅಂತ ಹೆಸರಿನ ಜೊತೆ ಇರೋ ಮಾತ್ರೆ ಕತ್ತರಿಸಿದರೆ ದಿನವಿಡೀ ಬಿಡಬೇಕಾದ ಔಷಧಿ ಒಂದೇ ಸಲ ಒಳಗೆ ಹೋಗಬಹುದು ಮಾರಾಯ ಅಂದೆ.

ಅತ್ತೆಗೆ ಇನ್ಶೂರೆನ್ಸ್ ಕಂಪನಿಯವರು ಪಾಲಿಸಿಯೇ ಕೊಡಲಿಲ್ಲ. ಅದರಿಂದಲೂ ಒಂದು ಉಪಯೋಗ. ಹಳೇ ತೆರಿಗೆ ಪದ್ಧತಿಯಲ್ಲಿ ಇನ್ಶೂರೆನ್ಸ್ ಇಲ್ಲದ ಹಿರಿಯರ ಔಷಧಿ ಖರ್ಚನ್ನು ತೆರಿಗೆ ವಿನಾಯಿತಿಗೆ (ಹಳೇ ಕಾಯ್ದೆಯಲ್ಲಿ 80ಡಿ) ತೋರಿಸಬಹುದು, ಮಾವನ ಪ್ರೀಮಿಯಂ ಸೇರಿ 50,000ದವರೆಗೆ. ನಗದು ಕೊಟ್ಟರೆ ನಡೆಯಲ್ಲ. ಹಾಗಾಗಿ 30 ರೂಪಾಯಿ ಮಾತ್ರೆಗೂ ನಮ್ಮೆಜಮಾನರು ಫೋನಿನಲ್ಲೇ ಕೊಡುತ್ತಾರೆ, ಬಿಲ್ಲು ಡಬ್ಬಿಗೆ.

ಸೋತಿರುವುದು ಅತ್ತೆಯ ಕಣ್ಣಿನ ಡ್ರಾಪ್ಸ್ ಹತ್ತಿರ. ಒಮ್ಮೆ ತೆರೆದ ಬಾಟಲಿಯನ್ನು ತಿಂಗಳಾದ ಮೇಲೆ ಬಿಸಾಡಬೇಕು, ಡಾಕ್ಟರು ಬ್ರ್ಯಾಂಡ್ ಬಿಡಲ್ಲ ಅಂತಾರೆ. ಮುಂದಿನ ತಪಾಸಣೆಗೆ ಹೋದಾಗ ಮತ್ತೆ ಕೇಳುತ್ತೇನೆ.