ಒಣ ಕೊಂಬೆಯ ಥ್ರಿಪ್ಸ್ ಹುಡುಕಿದ್ದು ಹೀಗೆ

ಮಲೆನಾಡಲ್ಲಿ ಥ್ರಿಪ್ಸ್ ಅಂದರೆ ಕಾಳುಮೆಣಸಿನ ಎಲೆಯ ಅಂಚು ಮಡಚಿಸುವ ನುಸಿ. ಎಂ.ಎಸ್ಸಿ. ಮುಗಿಯುವವರೆಗೂ ನನಗೂ ಅಷ್ಟೇ ಗೊತ್ತಿತ್ತು. ಆ ನುಸಿಯ ಕುಟುಂಬ ಫ್ಲಿಯೋಥ್ರಿಪಿಡೇ. ಸುಮಾರು 3,500 ಜಾತಿಗಳಿವೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬೆಳೆಯ ತಂಟೆಗೇ ಬರುವುದಿಲ್ಲ, ಬೂಷ್ಟು ತಿಂದು ಬದುಕುತ್ತವೆ. ಹೊಟ್ಟೆಯ ಕೊನೆಯ ಭಾಗ ಕೊಳವೆಯಂತಿದ್ದರೆ ಈ ಕುಟುಂಬದ್ದೇ.

ಈ ಬೂಷ್ಟು ತಿನ್ನುವ ಥ್ರಿಪ್ಸನ್ನು ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಹುಡುಕಿದೆ. ಕೊಳೆತು ನೆಲಕ್ಕಂಟಿದ ಕೊಂಬೆಗಿಂತ, ಮುರಿದು ಒಣ ಎಲೆ ಸಮೇತ ನೇತಾಡುವ ಕೊಂಬೆಯಲ್ಲೇ ಜಾಸ್ತಿ ಸಿಕ್ಕವು. ಕೆಳಗೆ ಬಿಳಿ ತಟ್ಟೆ ಹಿಡಿದು ಕೋಲಿನಿಂದ ಬಡಿಯಬೇಕು. ಮೊದಲು ಬರೀ ಕಸ ಕಾಣುತ್ತದೆ. ಎರಡು ನಿಮಿಷ ಸುಮ್ನೆ ನೋಡುತ್ತಾ ನಿಂತರೆ ಕಸದ ನಡುವೆ ಎರಡು ಮಿಲಿಮೀಟರಿನ ಕಪ್ಪು ಎಳೆಯೊಂದು ಬಾಲ ಎತ್ತಿಕೊಂಡು ನಡೆಯತೊಡಗುತ್ತದೆ. ಆಲ್ಕೋಹಾಲಲ್ಲಿ ಅದ್ದಿದ ಸಣ್ಣ ಬ್ರಶ್ಶಿನ ತುದಿಯಿಂದ ಅದನ್ನು ಎತ್ತಿಕೊಳ್ಳುತ್ತಿದ್ದೆ.

ಉಪಕುಟುಂಬ ಯಾವುದೆಂದು ಹೇಳುವುದು ಬಾಯಿಯ ಸೂಜಿ. ತೆಳ್ಳಗೆ, ಎರಡು ಮೂರು ಮೈಕ್ರಾನ್ ಇದ್ದರೆ ಫ್ಲಿಯೋಥ್ರಿಪಿನೇ. ಇವುಗಳಲ್ಲಿ ಬೂಷ್ಟು ತಿನ್ನುವಂಥವು ಅದರ ಎಳೆಗಳಿಂದ ರಸ ಹೀರುತ್ತವೆ. ಐದು ಮೈಕ್ರಾನಿಗಿಂತ ಅಗಲವಾಗಿದ್ದರೆ ಇಡೋಲೋಥ್ರಿಪಿನೇ. ಇವು ಬೂಷ್ಟಿನ ಬೀಜಕಗಳನ್ನು, ಅಂದರೆ ಅದು ಹರಡಲು ಬಿಡುವ ಸೂಕ್ಷ್ಮ ಕಣಗಳನ್ನು, ಇಡಿಯಾಗಿಯೇ ನುಂಗುತ್ತವೆ.

ಇಲ್ಲೇ ನಾನು ತಪ್ಪಿದ್ದು. ಸ್ಲೈಡ್ ಸ್ವಚ್ಛವಾಗಿ ಕಾಣಲಿ ಅಂತ ಮೊದಲ ಸಲದ ಹುಳಗಳನ್ನೆಲ್ಲ ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ಬಿಟ್ಟೆ. ಮೈಮೇಲಿನ ಒಂದೊಂದು ರೋಮವೂ ಚೆನ್ನಾಗಿ ಕಂಡಿತು, ಒಳಗಿದ್ದದ್ದೆಲ್ಲ ಕರಗಿ ಹೊಟ್ಟೆ ಮಾತ್ರ ಖಾಲಿ. ತಿಂದದ್ದೇನು ಅಂತ ತಿಳಿಯುವ ದಾರಿಯೇ ಹೋಯಿತಲ್ವಾ? ಆಮೇಲೆ ಪ್ರತಿ ಕೊಂಬೆಯ ಒಂದೆರಡು ಹುಳಗಳನ್ನು ಸೋಡಾಕ್ಕೆ ಹಾಕದೆ ಉಳಿಸಿಕೊಂಡೆ. ಮೈಕ್ರೋಸ್ಕೋಪಿನಡಿ ಮೊದಲ ಸಲ ಆ ಹೊಟ್ಟೆ ನೋಡಿದ್ದು ಮರೆಯಲಾರೆ. ಚೀಲದಲ್ಲಿ ರಾಗಿ ತುಂಬಿದ ಹಾಗೆ ಕಂದು ಬೀಜಕಗಳು ಒತ್ತೊತ್ತಾಗಿ ಕೂತಿದ್ದವು.

ಇಡೋಲೋಥ್ರಿಪಿನೇಯನ್ನು ಮೌಂಡ್ ಮತ್ತು ಪಾಮರ್ ಎಂಬ ಕೀಟತಜ್ಞರು 1983ರಲ್ಲಿ ಎರಡು ಒಳಗುಂಪುಗಳಾಗಿ (ಟ್ರೈಬ್) ವಿಂಗಡಿಸಿದರು. ಜಾತಿಯ ಮಟ್ಟಕ್ಕೆ ಇಳಿದಾಗ ಕಷ್ಟ ಶುರು. ಒಂದೇ ಜಾತಿಯ ದೊಡ್ಡ ಗಂಡಿನ ಮುಂಗಾಲು ದಪ್ಪ, ಸಣ್ಣ ಗಂಡಿನದು ಹೆಣ್ಣಿನ ಹಾಗೆ ತೆಳು. ಕೆಲವಕ್ಕೆ ರೆಕ್ಕೆ ಇದೆ, ಕೆಲವಕ್ಕೆ ಇಲ್ಲ. ಇಂಥವಕ್ಕೆ ಹಿಂದೆ ಬೇರೆ ಬೇರೆ ಹೆಸರಿಟ್ಟದ್ದೂ ಉಂಟು. ಅದಕ್ಕೇ ಈಗ ಒಂದು ಕೊಂಬೆಯಲ್ಲಿ ಸಿಕ್ಕ ಗಂಡು, ಹೆಣ್ಣು, ಮರಿ ಎಲ್ಲವನ್ನೂ ಒಂದೇ ಸೀಸೆಗೆ ಹಾಕುತ್ತೇನೆ. ಬೂಷ್ಟು ಹಿಡಿದ ತೊಗಟೆಯ ಚೂರನ್ನು ಕಾಗದದ ಲಕೋಟೆಯಲ್ಲಿಟ್ಟು, ಅದೇ ನಂಬರ್ ಬರೆಯುತ್ತೇನೆ.