ಉಂಗುರಗಳು ಮುಚ್ಚಿದಾಗ ಕಂಡ ಶನಿ: ನನ್ನ ಅನುಭವ

ಶನಿಗ್ರಹವನ್ನು ದೂರದರ್ಶಕದಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಉಂಗುರಗಳ ಮೇಲೆ, ಮತ್ತು ಬಹಳಷ್ಟು ಮಂದಿಯ ನೋಟ ಅಲ್ಲಿಯೇ ನಿಂತುಬಿಡುತ್ತದೆ. 2017ರಿಂದ 2025ರ ಕೊನೆಯವರೆಗೆ ಆ ಉಂಗುರಗಳು ನಮ್ಮತ್ತ ಬಾಗಿರುವುದು ಕಡಿಮೆಯಾಗುತ್ತಾ, ನಮ್ಮ ನೋಟಕ್ಕೆ ವರ್ಷದಿಂದ ವರ್ಷಕ್ಕೆ ಮುಚ್ಚಿಕೊಳ್ಳುತ್ತಾ ಹೋದವು. ಅಷ್ಟೂ ಕಾಲ ನಾನು ಮೈಸೂರಿನಿಂದ ಈ ಗ್ರಹವನ್ನು ನೋಡುತ್ತಾ, ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಾ ಬಂದೆ. ಉಂಗುರ ತೆಳುವಾದಷ್ಟೂ ಗ್ರಹದ ಸ್ವರೂಪ ಸ್ಪಷ್ಟವಾಗುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಆ ಚಿತ್ರಗಳೇ.

ನನ್ನದು 8 ಅಂಗುಲದ ಕನ್ನಡಿ ಮತ್ತು 1200 ಮಿ.ಮೀ. ನಾಭಿದೂರವಿರುವ ಡಾಬ್ಸೋನಿಯನ್ ದೂರದರ್ಶಕ, ಎಂದರೆ ನೆಲದ ಮೇಲಿಡುವ ಸರಳ ಪೀಠದಲ್ಲಿ ತಿರುಗುವ ಕನ್ನಡಿ ದೂರದರ್ಶಕ. 6 ಮಿ.ಮೀ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಬಿಂಬ 200 ಪಟ್ಟು ದೊಡ್ಡದಾಗುತ್ತದೆ; ಶನಿಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಬೇಕಾದದ್ದು ಕದಲದ ಗಾಳಿ. ಹಗಲೆಲ್ಲ ಕಾದ ತಾರಸಿಯ ಕಾಂಕ್ರೀಟು ರಾತ್ರಿ ಬಿಸಿಯನ್ನು ಹೊರಬಿಡುತ್ತಾ ಬಿಂಬವನ್ನು ನಡುಗಿಸುವುದರಿಂದ ನಾನು ದೂರದರ್ಶಕವನ್ನು ಹಿತ್ತಿಲಿನ ಮಣ್ಣಿನ ಮೇಲೆ ನಿಲ್ಲಿಸುತ್ತೇನೆ, ಕನ್ನಡಿ ತಣಿಯುವವರೆಗೆ ಕಾಯುತ್ತೇನೆ, ಗ್ರಹ ಸಾಕಷ್ಟು ಮೇಲೇರಿದ ನಂತರವೇ ಚಿತ್ರಕ್ಕೆ ಕೂರುತ್ತೇನೆ.

2017ರಲ್ಲಿ ಉಂಗುರಗಳ ಉತ್ತರ ಮುಖ ಸುಮಾರು 27 ಡಿಗ್ರಿ ನಮ್ಮತ್ತ ಬಾಗಿತ್ತು. 1675ರಲ್ಲಿ ಖಗೋಳಜ್ಞ ಕ್ಯಾಸಿನಿ ಉಂಗುರಗಳ ನಡುವೆ ಗುರುತಿಸಿದ, ಸುಮಾರು 4,700 ಕಿ.ಮೀ. ಅಗಲದ ಕಪ್ಪು ಅಂತರ ಒಳ್ಳೆಯ ರಾತ್ರಿಗಳಲ್ಲಿ ಪೆನ್ಸಿಲಿನಿಂದ ಗೀಚಿದಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಉಂಗುರದ ಮುಂಭಾಗ ಗ್ರಹದ ದಕ್ಷಿಣಾರ್ಧದ ಮೇಲೆ ಹಾದುಹೋಗಿತ್ತು, ಹಿಂಭಾಗದ ಅಂಚು ಉತ್ತರ ಧ್ರುವದಾಚೆಗೂ ಇಣುಕುತ್ತಿತ್ತು. ಗ್ರಹದ ನಿಜವಾದ ಆಕಾರವನ್ನು ಕಣ್ಣಳತೆಯಿಂದ ನಿರ್ಧರಿಸಲು ಆಗುತ್ತಿರಲಿಲ್ಲ.

2025ರ ಮಾರ್ಚ್ 23ರಂದು ಭೂಮಿ ಉಂಗುರಗಳ ಸಮತಲವನ್ನು ದಾಟಿತು, ಎಂದರೆ ಉಂಗುರಗಳ ಅಂಚು ಮಾತ್ರ ನಮಗೆ ಎದುರಾಯಿತು. ಆಗ ಶನಿ ಸೂರ್ಯನ ಬಳಿಯಲ್ಲೇ ಇದ್ದುದರಿಂದ ನೋಡುವಂತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ನವೆಂಬರ್: ಬಾಗು ಅರ್ಧ ಡಿಗ್ರಿಗಿಂತ ಕಡಿಮೆಯಾಗಿ, ಉಂಗುರಗಳು ಬಿಂಬದ ಎರಡೂ ಬದಿಗೆ ಬೆಳಕಿನ ಸಣ್ಣ ಗೆರೆಯಾಗಿ ಉಳಿದವು. 2,70,000 ಕಿ.ಮೀ.ಗೂ ಮೀರಿ ಹರಡಿದ ಈ ಮಂಜುಗಡ್ಡೆಯ ಚೂರುಗಳ ಹಾಸಿನ ದಪ್ಪ ಬಹುಪಾಲು ಕೆಲವೇ ಹತ್ತು ಮೀಟರುಗಳಷ್ಟು ಎಂಬುದನ್ನು ನಾನು ಓದಿ ತಿಳಿದಿದ್ದೆ, ಆದರೂ ಕಣ್ಣಾರೆ ಕಂಡಾಗ ಆದ ಬೆರಗೇ ಬೇರೆ.

ಅಡ್ಡಿಯಿಲ್ಲದೆ ಕಂಡ ಬಿಂಬ ದುಂಡಗಿರಲಿಲ್ಲ. ಹೆಚ್ಚಾಗಿ ಹೈಡ್ರೋಜನ್ ಮತ್ತು ಹೀಲಿಯಂಗಳಿಂದಾದ ಈ ಗ್ರಹ ಸುಮಾರು ಹತ್ತೂವರೆ ಗಂಟೆಗೊಮ್ಮೆ ತನ್ನ ಸುತ್ತ ತಿರುಗುವುದರಿಂದ ನಡುವೆ ಉಬ್ಬಿ, ಧ್ರುವಗಳಲ್ಲಿ ಚಪ್ಪಟೆಯಾಗಿದೆ. ಎರಡು ವ್ಯಾಸಗಳ ನಡುವಿನ ವ್ಯತ್ಯಾಸ ಸುಮಾರು 12,000 ಕಿ.ಮೀ., ಎಂದರೆ ಹೆಚ್ಚುಕಡಿಮೆ ಭೂಮಿಯ ವ್ಯಾಸದಷ್ಟೇ. ಸಮಭಾಜಕದ ಬಳಿ ಉಂಗುರದ ನೆರಳು ಕಪ್ಪು ಗೆರೆಯಾಗಿ ಬಿದ್ದಿತ್ತು. ಮಾಸಲು ಹಳದಿ ಬಣ್ಣದ ಪಟ್ಟೆಗಳು ಗುರುವಿನ ಪಟ್ಟೆಗಳಷ್ಟು ಎದ್ದು ಕಾಣುವುದಿಲ್ಲ, ಏಕೆಂದರೆ ಅವುಗಳ ಮೇಲೆ ದಟ್ಟವಾದ ಮಂಜಿನ ಪದರವಿದೆ. ಆದ್ದರಿಂದ ನಾನು ಮೊದಲು ನೆರಳನ್ನು ಗುರುತಿಸಿ, ಅದರಿಂದ ಪಟ್ಟೆಗಳ ದೂರವನ್ನು ಅಳೆದು, ಕೊನೆಗೆ ಛಾಯೆ ತುಂಬುತ್ತೇನೆ. ಇದೆಲ್ಲ ಕಾಲು ಗಂಟೆಯೊಳಗೆ ಮುಗಿಯಬೇಕು. ತಡವಾದರೆ ಗ್ರಹದ ಮೈ ತಿರುಗಿಬಿಡುತ್ತದೆ.

ಉಪಗ್ರಹಗಳ ಪೈಕಿ ನನಗೆ ಅಚ್ಚುಮೆಚ್ಚು ಐಯಾಪೆಟಸ್. ಸುಮಾರು 79 ದಿನಗಳಲ್ಲಿ ಒಂದು ಸುತ್ತು ಮುಗಿಸುವ ಇದು ಶನಿಯ ಪಶ್ಚಿಮಕ್ಕಿದ್ದಾಗ ಸುಲಭವಾಗಿ ಸಿಗುತ್ತದೆ, ಪೂರ್ವಕ್ಕೆ ಬಂದಾಗ ಬಹಳ ಮಂಕಾಗುತ್ತದೆ. ಅದರ ಒಂದು ಮುಖ ಹಿಮದಂತೆ ಬೆಳ್ಳಗಿದ್ದು ಇನ್ನೊಂದು ಮುಖ ಕಪ್ಪಾಗಿರುವುದೇ ಇದಕ್ಕೆ ಕಾರಣ. ಸುತ್ತಲಿನ ನಕ್ಷತ್ರಗಳನ್ನೂ ಚಿತ್ರದಲ್ಲಿ ಗುರುತಿಸಿಟ್ಟುಕೊಂಡು ಮರುದಿನ ಹೋಲಿಸಿದರೆ, ಜರುಗಿದ ಚುಕ್ಕೆ ಯಾವುದೆಂದು ತಿಳಿಯುತ್ತದೆ.

ಇನ್ನು 2032ರವರೆಗೆ ಉಂಗುರಗಳ ದಕ್ಷಿಣ ಮುಖ ನಮ್ಮತ್ತ ತೆರೆದುಕೊಳ್ಳುತ್ತಾ ಹೋಗುತ್ತದೆ ಮತ್ತು ಈ ಬಾರಿ ಮರೆಯಾಗುವುದು ಗ್ರಹದ ಉತ್ತರಾರ್ಧ. ಉತ್ತರದ ಪಟ್ಟೆಗಳನ್ನು ಚಿತ್ರಿಸಬೇಕೆನ್ನುವವರು ಈ ಒಂದೆರಡು ವರ್ಷಗಳಲ್ಲೇ ಆ ಕೆಲಸವನ್ನು ಮುಗಿಸಿಕೊಳ್ಳುವುದು ಒಳ್ಳೆಯದು.