ವೀರ್ಯದಲ್ಲಿ ರಕ್ತ: ನನ್ನ ದವಾಖಾನೆಯ ಅನುಭವ

ಬೆಟಗೇರಿಯ ನನ್ನ ದವಾಖಾನೆಗೆ ಈ ತೊಂದರೆ ಹೊತ್ತು ಬರುವವರು ಚೀಟಿಯಲ್ಲಿ ಬರೆಸುವುದು 'ಸೊಂಟನೋವು' ಅಂತ. ಪಾಳಿ ಬಂದರೂ ಹಿಂದಿನವರನ್ನು ಮುಂದೆ ಬಿಡುತ್ತಾರೆ. ಎಲ್ಲರೂ ಹೋದ ಮೇಲೆ ಒಳಗೆ ಬಂದು, ಬಾಗಿಲ ಕಡೆ ಒಮ್ಮೆ ನೋಡಿ, "ಸರ್ರ, ಧಾತುನ್ಯಾಗ ರಕ್ತ ಬರಾಕತ್ತೈತ್ರಿ" ಎನ್ನುತ್ತಾರೆ. ಅಷ್ಟೊತ್ತಿಗೆ ಎಷ್ಟೋ ಮಂದಿ ಯಾವುದೋ ಲಾಡ್ಜಿನಲ್ಲಿ ಕೂರುವ 'ಗುಪ್ತರೋಗ ತಜ್ಞ'ನಿಗೆ ದುಡ್ಡು ಸುರಿದು, ಪುಡಿ, ಲೇಹ್ಯ ತಿಂದು ಮುಗಿಸಿರುತ್ತಾರೆ.

ಅವರ ಭಯಕ್ಕೊಂದು ಲೆಕ್ಕವಿದೆ. ಊಟ ರಕ್ತವಾಗಿ, ರಕ್ತ ಮಾಗಿ ಮಾಗಿ ಕಡೆಗೆ ಧಾತು ಆಗುತ್ತದೆ. ಈಗ ಮಾಗುವ ಮೊದಲೇ ಹೊರಬಿತ್ತು, ಇನ್ನು ಮೈಯ ಕಸುವೆಲ್ಲ ಹೋದಂತೆ. ಇದನ್ನು ಬಿಡಿಸದೆ ಔಷಧ ಬರೆದರೆ ಪ್ರಯೋಜನವಿಲ್ಲ. ನಾನು ಚೀಟಿಯ ಹಿಂಬದಿಗೆ ಚಿತ್ರ ಬಿಡಿಸುತ್ತೇನೆ: ಮೂತ್ರಕೋಶ, ಅದರ ಬುಡದಲ್ಲಿ ಪ್ರಾಸ್ಟೇಟ್ ಗ್ರಂಥಿ, ಹಿಂದೆ ಎರಡು ವೀರ್ಯಕೋಶ. ವೀರ್ಯದ ದ್ರವದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ವೀರ್ಯಕೋಶಗಳದ್ದು, ಉಳಿದುದರಲ್ಲಿ ಬಹುಪಾಲು ಪ್ರಾಸ್ಟೇಟಿನದ್ದು. ಬೀಜದಿಂದ ಬರುವ ವೀರ್ಯಾಣುಗಳ ಪಾಲು ತೀರಾ ಸಣ್ಣದು. ಈ ದಾರಿಯಲ್ಲಿ ಎಲ್ಲೋ ಉರಿಯೂತವಾಗಿ ಒಂದು ಸಣ್ಣ ರಕ್ತನಾಳ ಒಡೆದರೂ ಸಾಕು, ಬಣ್ಣ ತಿರುಗುತ್ತದೆ. ಹೊಸ ರಕ್ತವಾದರೆ ಕೆಂಪು, ಕೆಲವು ದಿನದ್ದಾದರೆ ಕಂದು. ಕಂದು ಕಂಡವರು ಹೆಚ್ಚು ಹೆದರುತ್ತಾರೆ; ಆದರೆ ಅದು ಹಳೆಯ ರಕ್ತ ಖಾಲಿಯಾಗುತ್ತಿರುವುದು, ಅಷ್ಟೆ.

ಆಮೇಲೆ ವಯಸ್ಸು ಕೇಳುತ್ತೇನೆ. ನನ್ನ ಮುಂದಿನ ಕೆಲಸವೆಲ್ಲ 40ರ ಈಚೆಗೋ ಆಚೆಗೋ ಎಂಬುದರ ಮೇಲೆ ನಿಂತಿದೆ.

ರೋಣದ ಕಡೆಯ ಒಬ್ಬ ಹುಡುಗ, ಹೊಸದಾಗಿ ಮದುವೆಯಾದವ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ. ರಕ್ತ ನಿನ್ನದೇ ಅಂತ ಹೆಂಗ ಗೊತ್ತಾತು ಅಂದೆ. ಸುಮ್ಮನಾದ. ಹೆಂಡತಿಯ ಮುಟ್ಟಿನ ರಕ್ತವೋ, ಬೇರೆ ಗಾಯದ್ದೋ ಇರಬಹುದು. ಕಾಂಡೋಮ್ ಬಳಸಿ, ಅದರೊಳಗಿನದನ್ನು ಬೆಳಕಿನಲ್ಲಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ನೋಡಿ ಬಂದು, ತನ್ನದೇ ಎಂದ. ಹೊರಗಿನ ಸಂಬಂಧ, ಉರಿಮೂತ್ರ, ಜ್ವರ, ಬೀಜದ ನೋವು ಇವನ್ನೆಲ್ಲ ಜತೆಗೆ ಬಂದಿದ್ದ ಅಣ್ಣನನ್ನು ಹೊರಗೆ ಕೂರಿಸಿಯೇ ಕೇಳಿದೆ. ಅಣ್ಣನ ಎದುರು ಯಾವ ತಮ್ಮನೂ ನಿಜ ಹೇಳುವುದಿಲ್ಲ. ಬಿಪಿ ಸರಿಯಿತ್ತು, ಬೀಜಗಳು ಸರಿಯಿದ್ದವು, ಮೂತ್ರದಲ್ಲಿ ಸೋಂಕಿಲ್ಲ. ಆ್ಯಂಟಿಬಯಾಟಿಕ್ ಬರೆಯಲಿಲ್ಲ. "ಗುಳಿಗಿ ಇಲ್ಲೇನ್ರಿ?" ಅಂದ, ಮುಖ ಸಣ್ಣದಾಯಿತು. ಕೆಲವು ವಾರಗಳಲ್ಲಿ ತಾನಾಗಿಯೇ ನಿಂತಿತು. ಈ ವಯಸ್ಸಿನವರಲ್ಲಿ ಬಹುತೇಕ ಹೀಗೇ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಸೋಂಕಿನ ಗುರುತು ಸಿಕ್ಕರೆ ಮಾತ್ರ ಔಷಧ, ಲೈಂಗಿಕ ಸೋಂಕಾದರೆ ಗಂಡ ಹೆಂಡತಿ ಇಬ್ಬರಿಗೂ.

ನಮ್ಮ ಕಡೆ ಮರೆಯಬಾರದ್ದು ಕ್ಷಯ. ಅದು ಬರೀ ಎದೆಯ ರೋಗವಲ್ಲ. ಮೂತ್ರದಲ್ಲಿ ಕೀವಿನ ಕಣಗಳಿದ್ದು, ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದರೆ, ಬೀಜದ ಹಿಂದಿನ ನಾಳ ಗಂಟುಗಂಟಾಗಿ ಕೈಗೆ ಸಿಕ್ಕರೆ, ಟಿಬಿ ಪರೀಕ್ಷೆ ಮಾಡಿಸದೆ ಬಿಡುವುದಿಲ್ಲ.

40 ದಾಟಿದವರ ವಿಚಾರ ಬೇರೆ. ಎಪಿಎಂಸಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಹಿರಿಯರೊಬ್ಬರು ಬಂದಿದ್ದರು. ಮೊದಲು ಅವರ ಚೀಲದ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಡೆದಿದ್ದವು. ರಕ್ತ ತೆಳುವಾಗಿಸುವ ಗುಳಿಗೆ ಇದ್ದಾಗ ಸಣ್ಣ ಗಾಯವೂ ಹೆಚ್ಚು ಸೋರುತ್ತದೆ. "ಹಂಗಾರ ಇವತ್ತಿಂದ ಬಂದ್ ಮಾಡ್ತೀನ್ರಿ" ಅಂದರು. ಬೇಡವೇ ಬೇಡ, ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಸಂಚಕಾರ, ಹೃದಯದ ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ನಿಲ್ಲಿಸಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ಕೈಗೆ ಬಿಪಿ ಪಟ್ಟಿ ಕಟ್ಟಿದರೆ ಅದೂ ಏರಿತ್ತು. ಏರಿದ ಬಿಪಿಯೂ ಇದಕ್ಕೊಂದು ಕಾರಣ.

ಗುಳಿಗೆಯ ಮೇಲೆ ಹೊರಿಸಿ ಕೈತೊಳೆಯಲೂ ಬರುವುದಿಲ್ಲ. ಗ್ಲೌಸ್ ಹಾಕಿ ಗುದದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಮುಟ್ಟಿ ನೋಡಬೇಕು ಅಂದೆ. "ಯಪ್ಪಾ, ಈ ವಯಸ್ಸಿನ್ಯಾಗ ಇದೊಂದು ಬಾಕಿ ಇತ್ತೇನ್ರಿ!" ಅಂದರು. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ತಂದರೆ ಒಂದು ನಿಮಿಷದ ಕೆಲಸ. ಮುಷ್ಟಿ ಹಿಡಿದಾಗ ಹೆಬ್ಬೆರಳ ಬುಡ ಹೇಗೆ ಮೆದುವಾಗಿ ಪುಟಿಯುತ್ತದೋ ಹಾಗಿರಬೇಕು ಗ್ರಂಥಿ. ಬೆರಳ ಗೆಣ್ಣಿನಂತೆ ಗಟ್ಟಿ ಗಂಟು ಸಿಕ್ಕಿದರೆ ಅಂದೇ ಮೂತ್ರರೋಗ ತಜ್ಞರಿಗೆ ಚೀಟಿ ಬರೆಯುತ್ತೇನೆ. ಇವರದ್ದು ದೊಡ್ಡದಾಗಿತ್ತು, ಆದರೆ ಮೆದು. ರಾತ್ರಿ ಮೂರ್ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗಿರುವುದು ಆಗ ಬಾಯಿಗೆ ಬಂತು. ಅಲ್ಲಿಯವರೆಗೆ ಅದನ್ನು ಅವರು ರೋಗ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪಿಎಸ್‌ಎ ಪರೀಕ್ಷೆಯ ಬಗ್ಗೆ ನನ್ನದೊಂದು ತಕರಾರಿದೆ. ಲ್ಯಾಬಿನ ಪ್ಯಾಕೇಜಿನಲ್ಲಿ ಅದೂ ಸೇರಿರುತ್ತದೆ, ಯಾವಾಗ ಮಾಡಿಸಬೇಕು ಎಂದು ಯಾರೂ ಹೇಳುವುದಿಲ್ಲ. ಮೂತ್ರದ ಸೋಂಕಿನ ನಡುವೆ ಮಾಡಿಸಿ 11 ಬಂತೆಂದು ನಿದ್ದೆಗೆಟ್ಟು ಬಂದವರನ್ನು ನೋಡಿದ್ದೇನೆ. ಒಂದು ಮಿಲಿಲೀಟರ್ ರಕ್ತಕ್ಕೆ 4 ನ್ಯಾನೋಗ್ರಾಂ ಎಂಬ ಗೆರೆ ರೂಢಿಯದ್ದು. ಅದನ್ನು ದಾಟಿದ್ದೆಲ್ಲ ಕ್ಯಾನ್ಸರ್ ಅಲ್ಲ. ಗ್ರಂಥಿ ಉಬ್ಬಿದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಆದ್ದರಿಂದ ಸೋಂಕು ವಾಸಿಯಾಗಿ ಸುಮಾರು 6 ವಾರ ಕಳೆಯಬೇಕು, ರಕ್ತ ಕೊಡುವ ಮೊದಲಿನ 48 ಗಂಟೆ ವೀರ್ಯ ಹೊರಹೋಗಿರಬಾರದು. ಉಬ್ಬಿದ ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟೆರೈಡ್ ಗುಳಿಗೆ ತಿಂಗಳುಗಟ್ಟಲೆ ತಿನ್ನುವವರಲ್ಲಿ ಮಾತು ಉಲ್ಟಾ: ಅಂಕಿ ಅರ್ಧಕ್ಕೆ ಇಳಿದಿರುತ್ತದೆ, ಅದನ್ನು ದುಪ್ಪಟ್ಟು ಮಾಡಿ ಓದಬೇಕು. ಕಡಿಮೆ ಬಂತೆಂದು ನೆಮ್ಮದಿಯಾಗಿ ಕೂತವರಿಗೆ ಇದು ಗೊತ್ತೇ ಇರುವುದಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್ ಬರೀ ವೀರ್ಯದ ರಕ್ತವೊಂದರಿಂದಲೇ ಹೊರಗೆ ಬೀಳುವುದು ಅಪರೂಪ. ಆದರೂ 40 ದಾಟಿದವರಿಗೆ ಮತ್ತೆ ಮತ್ತೆ ಬಂದರೆ, ಮೂತ್ರದಲ್ಲೂ ರಕ್ತ ಕಂಡರೆ, ತೂಕ ಇಳಿದು ಬೆನ್ನೆಲುಬು ನೋಯುತ್ತಿದ್ದರೆ, ತಂದೆಗೋ ಅಣ್ಣನಿಗೋ ಈ ಕ್ಯಾನ್ಸರ್ ಆಗಿದ್ದರೆ ಹುಬ್ಬಳ್ಳಿಗೆ ಕಳಿಸುತ್ತೇನೆ. ಅಲ್ಲಿ ಗುದದ ಮೂಲಕ ಸ್ಕ್ಯಾನ್ ಅಥವಾ ಎಂಆರ್‌ಐ ಮಾಡಿ, ಬೇಕಾದರೆ ಬಯಾಪ್ಸಿ, ಅಂದರೆ ಪರೀಕ್ಷೆಗೆಂದು ಸೂಜಿಯಿಂದ ಗ್ರಂಥಿಯ ಸಣ್ಣ ಚೂರು, ತೆಗೆಯುತ್ತಾರೆ. ಆ ಬಯಾಪ್ಸಿಯ ಸೂಜಿಯಿಂದಲೂ ವೀರ್ಯದಲ್ಲಿ ಹಲವು ವಾರ ರಕ್ತ ಬರುತ್ತದೆ. ಹೋಗುವ ಮೊದಲೇ ಇದನ್ನು ಅವರಿಗೂ ಮನೆಯವರಿಗೂ ಹೇಳಿರುತ್ತೇನೆ. ಬಯಾಪ್ಸಿ ಆದಮೇಲೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು.